ಲೈಯೆಂಡೆಕರ್ ಪೋಸ್ಟರ್: ಗೆರೆ ಚೆನ್ನ, ಬಣ್ಣ ಪೆಚ್ಚು
ಅಮೆರಿಕದ ಚಿತ್ರಕಾರ ಜೆ.ಸಿ. ಲೈಯೆಂಡೆಕರ್ ಬಿಡಿಸಿದ, ಆ್ಯರೋ ಬ್ರಾಂಡ್‌ನ ಅಂಗಿ ಕಾಲರ್ ಜಾಹೀರಾತಿನ ಪೋಸ್ಟರ್ ತರಿಸಿದೆ. ಅಂಗಡಿ ಹೆಸರು ಬೇಡ ಬಿಡಿ. ಗೆರೆಗಳು ಚೆನ್ನಾಗಿ ಮೂಡಿವೆ: ಕೋಟಿನ ತೋಳಿನ ಮಡಿಕೆ ಹತ್ತಿರದಿಂದ ನೋಡಿದರೆ ಬರೀ ಓರೆ ಓರೆ ಬ್ರಷ್ ಪಟ್ಟಿಗಳು, ಸ್ವಲ್ಪ ಹಿಂದೆ ಸರಿದರೆ ಅದೇ ಇಸ್ತ್ರಿ ಬಟ್ಟೆಯ ಹೊಳಪು! 1905ರಿಂದ ಸುಮಾರು 25 ವರ್ಷ ಅವರ ಚಿತ್ರಗಳು ಮಾರಿದ್ದು ಅಂಗಿಯಿಂದ ಬಿಚ್ಚಿಡುವ ಕಾಲರ್‌ಗಳನ್ನು, ಜನ ನೋಡಿದ್ದು ಮಾತ್ರ ಚಿತ್ರದಲ್ಲಿನ ಗಂಡಸಿನ ದವಡೆಯನ್ನು ಅಲ್ವಾ. ಮಾಡೆಲ್ ಎಷ್ಟೋ ಸಲ ಅವರ ಸಂಗಾತಿ ಚಾರ್ಲ್ಸ್ ಬೀಚ್. ಜೊತೆಗೆ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಗೆ 300ಕ್ಕೂ ಜಾಸ್ತಿ ಮುಖಪುಟ ಬೇರೆ.

ಕಾಗದವೂ ದಪ್ಪಗಿದೆ. ಆದರೆ ಬಣ್ಣ? ಬೆಳ್ಳಗಿರಬೇಕಾದ ಕಾಲರ್ ಹಳದಿಗೆ ತಿರುಗಿದೆ. ಕಾಲರ್ ಜಾಹೀರಾತಿನಲ್ಲಿ ಕಾಲರೇ ಕೊಳೆಯಾದರೆ ಹೇಗೆ ಸ್ವಾಮಿ? ಬದಲಿ ಕೇಳಿ ಹತ್ತು ದಿನ ಆಯಿತು, ಸುಮ್ನೆ ಕಾಯುತ್ತಿದ್ದೇನೆ.