ಸಿಂಕ್ ಬಟನ್ನಿಗೆ ತಕಿಟ ಗೊತ್ತಿಲ್ಲ: ಟರ್ನ್‌ಟೇಬಲ್, ಆಮೇಲೆ ಲ್ಯಾಪ್‌ಟಾಪ್ ಜೊತೆ ಹದಿಮೂರು ವರ್ಷ

ಹೋದ ವರ್ಷ ಶಿರಾ ಹತ್ತಿರ ಒಂದು ಆರತಕ್ಷತೆ, ಹಾಡು ಹಾಕಲು ಹೋದ ಡಿಜೆ ನಾನು. ಎರಡನೇ ಪಂಕ್ತಿ ಎದ್ದು ಮೂರನೆಯದಕ್ಕೆ ಎಲೆ ಹಾಕುತ್ತಿದ್ದರು. ಹೆಣ್ಣಿನ ತಾತ ನಿಧಾನಕ್ಕೆ ಸ್ಟೇಜಿನ ಹತ್ತಿರ ಬಂದು ಎಪ್ಪತ್ತರ ದಶಕದ ಒಂದು ಸಿನಿಮಾ ಹಾಡು ಕೇಳಿದರು. ನನ್ನ ಹತ್ತಿರ ಇತ್ತು. ಓಡುತ್ತಿದ್ದ ಹೊಸ ಹಾಡಿನಿಂದ ಅದಕ್ಕೆ ಹೊರಳೋಣ ಅಂತ, ಎರಡು ಹಾಡಿನ ಪೆಟ್ಟನ್ನು ತಾನೇ ಜೋಡಿಸುವ ಸಿಂಕ್ ಬಟನ್ ಒತ್ತಿದೆ. ಪರದೆಯ ಮೇಲೆ ಎರಡೂ ಹಾಡಿನ ಗೆರೆಗಳು ಕವಾಯತಿಗೆ ನಿಂತ ಹಾಗೆ ಸಾಲಾಗಿ ನಿಂತವು. ಸ್ಪೀಕರಿನಲ್ಲಿ ಮಾತ್ರ ಟಕ-ಡಕ್ಕ, ಟಕ-ಡಕ್ಕ, ಟಕ-ಡಕ್ಕ. ಕುಣಿಯುತ್ತಿದ್ದ ಹುಡುಗರು ಕಾಲು ಎಲ್ಲಿಡಬೇಕು ಅಂತ ತಿಳಿಯದೆ ನನ್ನ ಮುಖ ನೋಡಿದರು. ಮೆರವಣಿಗೆಗೆ ಬಂದಿದ್ದ ತಮಟೆಯವರಲ್ಲಿ ಹಿರಿಯರೊಬ್ಬರು ಊಟ ಮುಗಿಸಿ, ಎಲೆಗೆ ಸುಣ್ಣ ಸವರುತ್ತ ಪಕ್ಕದಲ್ಲೇ ನಿಂತಿದ್ದರು. "ಏನಪ್ಪಾ, ಕುದ್ರೆ ಲಾಳ ಕಿತ್ತೋಯ್ತಾ?" ಅಂದರು.

ಈ ವಿಮರ್ಶೆ ಬರೆಯಲು ಕಾರಣ ಆ ಮಾತು.

ನನ್ನ ಸಾಮಾನು ಇಷ್ಟು. ಎರಡು ಟೆಕ್ನಿಕ್ಸ್ ಎಸ್‌ಎಲ್-1200ಎಂಕೆ2 ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ), ಎರಡು ಹಾಡನ್ನು ಬೆರೆಸುವ ಎರಡು ಚಾನೆಲ್ಲಿನ ಮಿಕ್ಸರು, ಒಂದು ಸೌಂಡ್ ಕಾರ್ಡ್ ಡಬ್ಬಿ, ಲ್ಯಾಪ್‌ಟಾಪ್, ಅದರೊಳಗೆ ಡಿಜೆ ಸಾಫ್ಟ್‌ವೇರ್. ದೂರದ ಊರಿಗೆ ಒಯ್ಯಲು ಒಂದು ಚಿಕ್ಕ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡನ್ನು ಆಡಿಸುವ ಬಟನ್ನು, ಚಕ್ರಗಳ ಹಲಗೆ) ಬೇರೆ ಇದೆ. ಸಾಫ್ಟ್‌ವೇರಿನ ಹೆಸರು ಕೇಳಬೇಡಿ. ಇದುವರೆಗೆ ಮೂರು ಬದಲಾಯಿಸಿದ್ದೇನೆ, ನನ್ನ ದೂರು ಮೂರಕ್ಕೂ ಒಂದೇ. ತಾಂತ್ರಿಕ ವಿವರಗಳ ಪಟ್ಟಿ ಎಲ್ಲ ಕಡೆ ಸಿಗುತ್ತದೆ, ಇಲ್ಲಿ ಬೇಡ.

ಕೆಲಸ ಕಲಿತದ್ದು ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಕಡೆಯ ಒಂದು ಪಬ್ಬಿನಲ್ಲಿ, ರಾತ್ರಿ ಹನ್ನೊಂದೂವರೆಗೆ ಎಲ್ಲ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ. ಅಲ್ಲಿದ್ದ ಟರ್ನ್‌ಟೇಬಲ್ ಮೇಲೆ ಕೈ ಇಟ್ಟವನಿಗೆ ಬೇರೆ ಯಾವುದೂ ಹಿಡಿಸಲಿಲ್ಲ. ಕಂಪನಿ 2010ರಲ್ಲಿ ಇದರ ತಯಾರಿಕೆ ನಿಲ್ಲಿಸಿದಾಗ, ಇನ್ನು ಸಿಗುವುದೇ ಇಲ್ಲವೇನೋ ಅಂತ ಗಾಬರಿಯಾಗಿ, ದುಬೈನಿಂದ ಒಬ್ಬರು ತಂದಿದ್ದ ಹಳೆಯ ಜೋಡಿಯನ್ನು ಮರುವರ್ಷ ಎಪ್ಪತ್ತು ಸಾವಿರಕ್ಕೆ ಕೊಂಡೆ. ಆಗಿನ ನನ್ನ ಮೂರು ತಿಂಗಳ ಸಂಬಳಕ್ಕೂ ಸ್ವಲ್ಪ ಜಾಸ್ತಿ. ಮನೆಯಲ್ಲಿ ಹದಿನೈದು ಸಾವಿರ ಅಂತ ಹೇಳಿದ್ದೆ. (ಇದನ್ನು ಓದಿದರೆ ಇವತ್ತು ಗೊತ್ತಾಗುತ್ತದೆ.) 2016ರಲ್ಲಿ ಟೆಕ್ನಿಕ್ಸ್ ವಾಪಸ್ ಬಂತು, 2019ರಲ್ಲಿ ಡಿಜೆಗಳಿಗೆಂದೇ ಎಂಕೆ7 ಬಿಟ್ಟಿತು. ಬೆಲೆ ನೋಡಿದೆ, ಪುಟ ಮುಚ್ಚಿದೆ. ಎಂಕೆ2 ಬಂದದ್ದು 1979ರಲ್ಲಿ, ನಾನು ಹುಟ್ಟುವುದಕ್ಕೂ ಮುಂಚೆ. ನನ್ನ ಸೊಂಟ ಈಗಾಗಲೇ ರಿಪೇರಿಗೆ ಬಂದಿದೆ, ಅದರ ಮೋಟಾರು ಬಂದಿಲ್ಲ.

ಸಂಜೆ ಕೆಲಸದಿಂದ ಬಂದು, ಕಾಫಿ ಮುಗಿಸಿ, ರೂಮಿನ ಬಾಗಿಲು ಹಾಕಿಕೊಳ್ಳುತ್ತೇನೆ. ಎಡಮೂಲೆಯ ಗುಂಡನೆಯ ಸ್ವಿಚ್ಚನ್ನು ತಿರುಗಿಸಿದರೆ ‘ಟಕ್’ ಅಂತ ಒಂದು ಗಟ್ಟಿ ಸದ್ದು, ಕೆಂಪು ದೀಪ ಹತ್ತುತ್ತದೆ. ತಟ್ಟೆಯ ಅಂಚಿನ ಸುತ್ತ ಸಾಲು ಸಾಲು ಚುಕ್ಕೆಗಳಿವೆ. ಸ್ಟಾರ್ಟ್ ಒತ್ತಿದ 0.7 ಸೆಕೆಂಡಿಗೆ ತಟ್ಟೆ ಪೂರ್ತಿ ವೇಗಕ್ಕೆ ಬಂದುಬಿಡುತ್ತದೆ. ಬೆಲ್ಟು ಗಿಲ್ಟು ಇಲ್ಲ, ಮೋಟಾರಿನ ಮೇಲೇ ತಟ್ಟೆ ಕೂತಿದೆ. ಆ ಕೆಂಪು ಬೆಳಕಿನಲ್ಲಿ ಒಂದು ಸಾಲಿನ ಚುಕ್ಕೆಗಳು ನಿಂತಲ್ಲೇ ನಿಂತ ಹಾಗೆ ಕಾಣಬೇಕು. ನಿಂತರೆ ವೇಗ ಸರಿ ಅಂತ. ತಟ್ಟೆ ಗಿರಗಿರ ತಿರುಗುತ್ತಿರುತ್ತದೆ, ಚುಕ್ಕೆಗಳು ಮಿಸುಕುವುದಿಲ್ಲ. ಹದಿಮೂರು ವರ್ಷದಿಂದ ನೋಡುತ್ತಿದ್ದೇನೆ, ಇವತ್ತಿಗೂ ಒಂದು ನಿಮಿಷ ಸುಮ್ಮನೆ ನೋಡುತ್ತೇನೆ.

ಆಮೇಲೆ ರೆಕಾರ್ಡ್ ಓದುವ ಮುಳ್ಳಿನ ಶುದ್ಧಿ. ಚಿಕ್ಕ ಬ್ರಷ್ಷಿನಲ್ಲಿ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಬೇಕು, ತಿರುಗಾಮುರುಗಾ ಉಜ್ಜಿದರೆ ಮುಳ್ಳು ಹೋಯಿತು ಅಂತಲೇ. ರೆಕಾರ್ಡಿನ ಕೆಳಗಿನ ಫೆಲ್ಟ್ ಬಟ್ಟೆ ಚೆನ್ನಾಗಿ ಜಾರಲಿ ಅಂತ ಅದರ ಕೆಳಗೊಂದು ತೆಳುವಾದ ಹಾಳೆ ಹಾಕುವ ರೂಢಿಯಿದೆ. ಅಂಗಡಿಯಲ್ಲಿ ಅದಕ್ಕೆ ಕೇಳುವ ಬೆಲೆ ಕೇಳಿ, ಅಡುಗೆಮನೆಯಿಂದ ಒಬ್ಬಟ್ಟು ತಟ್ಟುವ ಹಾಳೆ ತಂದು ಗುಂಡಗೆ ಕತ್ತರಿಸಿ ಹಾಕಿದೆ. ಅಂಗಡಿಯದಕ್ಕಿಂತ ಇದೇ ಚೆನ್ನಾಗಿ ಜಾರುತ್ತದೆ. ಯುಗಾದಿ ದಿನ ಮಾತ್ರ ಹಾಳೆ ಎಲ್ಲಿ ಅಂತ ಹುಡುಕಾಟವಾಯಿತು.

2013ರಲ್ಲಿ ಇದಕ್ಕೆ ಲ್ಯಾಪ್‌ಟಾಪ್ ಸೇರಿತು. ಗೊತ್ತಿಲ್ಲದವರಿಗೆ: ಟೈಮ್‌ಕೋಡ್ ರೆಕಾರ್ಡ್ ಅಂತ ಬರುತ್ತದೆ. ಅದರಲ್ಲಿ ಹಾಡಿಲ್ಲ, ಒಂದೇ ಸಮ ಕೂಗುವ ಸಂಕೇತವಿದೆ. ಮುಳ್ಳು ಅದನ್ನು ಓದಿ ಸೌಂಡ್ ಕಾರ್ಡಿಗೆ ಕಳಿಸುತ್ತದೆ. ರೆಕಾರ್ಡ್ ಎಷ್ಟು ವೇಗದಲ್ಲಿ, ಯಾವ ದಿಕ್ಕಿಗೆ, ಎಲ್ಲಿ ತಿರುಗುತ್ತಿದೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕಿ, ಕಂಪ್ಯೂಟರಿನಲ್ಲಿರುವ ಹಾಡನ್ನು ಹಾಗೇ ಓಡಿಸುತ್ತದೆ. ರೆಕಾರ್ಡನ್ನು ಹಿಂದಕ್ಕೆಳೆದರೆ ಹಾಡೂ ಹಿಂದಕ್ಕೆ. 2000ದ ಆಸುಪಾಸಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನವರು ಫೈನಲ್ ಸ್ಕ್ರ್ಯಾಚ್ ಅಂತ ಮೊದಲು ತಂದ ಉಪಾಯ ಇದು. ಮೊದಲ ದಿನ ನಾನು ತಪ್ಪಿ ಆ ರೆಕಾರ್ಡನ್ನು ನೇರ ಮಿಕ್ಸರಿಗೆ ಕೊಟ್ಟೆ. ಹಳೆಯ ಟಿವಿಯಲ್ಲಿ ಬಣ್ಣದ ಪಟ್ಟಿ ಬಂದಾಗ ಕೂಗುತ್ತಿತ್ತಲ್ಲ, ಅದೇ ‘ಕುಂಯ್’. ಅಮ್ಮ ನಡುಮನೆಯಿಂದಲೇ "ದೂರದರ್ಶನ ಬಂತೇನೋ?" ಅಂದರು.

ಎರಡು ತಿಂಗಳು ಹಬ್ಬವೇ ಹಬ್ಬ. ಆಮೇಲೆ ಶುರುವಾಯಿತು ಬೀಟ್‌ಗ್ರಿಡ್ಡಿನ ಕಾಟ.

ಸಾಫ್ಟ್‌ವೇರಿಗೆ ಹಾಡು ಸೇರಿಸಿದ ಕೂಡಲೇ ಅದು ಪೆಟ್ಟುಗಳನ್ನು ಎಣಿಸಿ, ನಿಮಿಷಕ್ಕೆ ಇಷ್ಟು ಅಂತ ಒಂದು ಸಂಖ್ಯೆ ಬರೆದು, ಹಾಡಿನುದ್ದಕ್ಕೂ ಸಮ ಅಂತರದ ಗೆರೆ ಎಳೆದುಬಿಡುತ್ತದೆ. ಸಿಂಕ್ ಬಟನ್ ನಂಬುವುದು ಈ ಗೆರೆಗಳನ್ನು, ಹಾಡನ್ನಲ್ಲ. ಡ್ರಮ್ ಮಶೀನಿನಲ್ಲಿ ಮಾಡಿದ ಸಂಗೀತಕ್ಕೆ ಗೆರೆ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನಮ್ಮ ಮದುವೆಗಳಲ್ಲಿ ಓಡುವುದು ಅದಲ್ಲವಲ್ಲ. ನಮ್ಮ ಕುಣಿತದ ಹಾಡುಗಳಲ್ಲಿ ಎಷ್ಟೋ ತಿಶ್ರ ನಡೆಯವು. ‘ತಕಿಟ ತಕಿಟ’ ಅಂತ ಮೂರು ಮೂರಾಗಿ ಹೋಗುತ್ತವೆ. ಈ ಸಾಫ್ಟ್‌ವೇರ್ ಹುಟ್ಟಿದಾಗಿನಿಂದ ಕಲಿತದ್ದು ನಾಲ್ಕರ ‘ತಕಧಿಮಿ’ ಒಂದೇ. ನಿಮಿಷಕ್ಕೆ 90 ಪೆಟ್ಟಿನ ತಿಶ್ರದ ಹಾಡಿನಲ್ಲಿ ಒಂದೊಂದು ಪೆಟ್ಟಿಗೆ ಮೂರರಂತೆ 270 ಚಿಕ್ಕ ಪೆಟ್ಟು. ಇದು ಅವನ್ನು ಎರಡೆರಡಾಗಿ ಗಂಟು ಹಾಕಿ 135 ಅಂತ ಬರೆಯುತ್ತದೆ. ಆವತ್ತು ಶಿರಾದಲ್ಲಿ ಆದದ್ದು ಅಷ್ಟೇ. ಓಡುತ್ತಿದ್ದ ಹಾಡು 130, ತಾತನ ಹಾಡು ಪರದೆಯ ಪ್ರಕಾರ 135, ಹತ್ತಿರವೇ ಇದೆಯಲ್ಲ ಅಂತ ಯಂತ್ರ ಎರಡನ್ನೂ ಜೋಡಿಸಿತು. ಕುಣಿಯುವವರ ಕಾಲಿಗೆ ಒಂದು ಕಡೆ ಮೂರು ಪೆಟ್ಟು, ಇನ್ನೊಂದು ಕಡೆ ಎರಡು.

ತಿಶ್ರ ಅಲ್ಲದ ಹಳೆಯ ಹಾಡುಗಳದ್ದು ಬೇರೆ ಕಥೆ. ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಿದವು ಅವು. ಪಲ್ಲವಿಯಲ್ಲಿ ನೆಮ್ಮದಿಯಾಗಿದ್ದ ಡೋಲಕ್ಕಿನವರು ಚರಣ ಮುಗಿಯುವಾಗ ಕೊಂಚ ಬೆಚ್ಚಗಾಗುತ್ತಾರೆ, ವೇಗ ಏರುತ್ತದೆ. ಹಾಡಿಗೆ ಜೀವ ಬರುವುದೇ ಅಲ್ಲಿ. 118ರ ಗೆರೆಯ ಮೇಲೆ 119ರಲ್ಲಿ ನುಡಿಸಿದರೆ ನಿಮಿಷಕ್ಕೆ ಒಂದು ಪೆಟ್ಟು ಮುಂದೆ. ಅಂದರೆ ಅರ್ಧ ನಿಮಿಷಕ್ಕೆ ಅರ್ಧ ಪೆಟ್ಟು, ಸರಿಯಾಗಿ ಎದುರುಬದುರು. ಈಚಿನ ಆವೃತ್ತಿಗಳಲ್ಲಿ ಹಾಡಿನ ಜೊತೆ ಬಾಗುವ ಗ್ರಿಡ್ ಹಾಕಬಹುದು. ಹಾಕಿದ್ದೇನೆ. ಒಂದೇ ಹಾಡಿಗೆ ಹನ್ನೊಂದು ಕಡೆ ಗೂಟ ಹೊಡೆದು, ರಾತ್ರಿ ಒಂದು ಗಂಟೆಗೆ ಮಲಗಿದ್ದೇನೆ. ಹೀಗೆ ಎಷ್ಟು ಹಾಡಿಗೆ ಮಾಡುತ್ತೀರಿ?

ಅದೇ ಕೆಲಸ ಟರ್ನ್‌ಟೇಬಲ್ಲಿನಲ್ಲಿ ಬೆರಳಿನದು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಸ್ಪೀಕರಿಗೆ. ವೇಗ ಬದಲಿಸುವ ಪಿಚ್ ಸ್ಲೈಡರು ಶೇಕಡ 8ರಷ್ಟು ಮೇಲೆ ಕೆಳಗೆ ಹೋಗುತ್ತದೆ, ನೂರರ ಹಾಡನ್ನು 92ರಿಂದ 108ರವರೆಗೆ ಎಳೆಯಬಹುದು. ಡೋಲಕ್ಕು ಬೆಚ್ಚಗಾಯಿತು ಅನ್ನಿಸಿದಾಗ ತಟ್ಟೆಯ ಅಂಚಿಗೆ ತೋರುಬೆರಳಿನ ತುದಿ ಸೋಕಿಸಿದರೆ ಸಾಕು, ಹಾಡು ಒಂಚೂರು ಹಿಂದೆ ಸರಿಯುತ್ತದೆ. ಮೊಸರು ಹೆಪ್ಪುಗಟ್ಟಿದೆಯಾ ಅಂತ ಪಾತ್ರೆ ಮುಟ್ಟಿ ನೋಡುತ್ತಾರಲ್ಲ, ಅಷ್ಟೇ ಮೆತ್ತಗೆ. ಶಿರಾದಲ್ಲಿ ನಾನು ಒಯ್ದಿದ್ದದ್ದು ಕಂಟ್ರೋಲರು. ಅದರ ಚಕ್ರ ನನ್ನ ಅಂಗೈಯಷ್ಟು ಅಗಲ, ತಾನಾಗಿ ತಿರುಗುವುದಿಲ್ಲ. ಬೆರಳಿಗೆ ಏನೂ ತಿಳಿಯುವುದಿಲ್ಲ, ಹಾಗಾಗಿ ಕಣ್ಣು ಪರದೆಗೆ ಹೋಗುತ್ತದೆ, ಕಣ್ಣು ಹೋದ ಕಡೆ ಕಿವಿಯೂ ಹೋಗುತ್ತದೆ.

ಇಷ್ಟು ಬೈದ ಮೇಲೆ ಲ್ಯಾಪ್‌ಟಾಪಿನ ಋಣವನ್ನೂ ಹೇಳಬೇಕು. ರೆಕಾರ್ಡಷ್ಟೇ ನಂಬಿದ್ದಿದ್ದರೆ ನನ್ನ ಕೆಲಸ ಎಂದೋ ನಿಂತಿರುತ್ತಿತ್ತು. ಎಂಬತ್ತು ಎಲ್‌ಪಿಯ ಒಂದು ಪೆಟ್ಟಿಗೆ ಎತ್ತಲು ಇಬ್ಬರು ಬೇಕು, ಮತ್ತು ಅದರಲ್ಲಿ ತಾತ ಕೇಳಿದ ಹಾಡು ಇರುವುದಿಲ್ಲ. ಈಗಿನ ಕನ್ನಡ ಹಾಡು ಬೇಕು ಅಂದರೆ ರೆಕಾರ್ಡಿನ ಮಾತೇ ಇಲ್ಲ. ಮೇಲಾಗಿ ಕೀ ಲಾಕ್. ರೆಕಾರ್ಡಿನ ವೇಗ ಶೇಕಡ 6ರಷ್ಟು ಏರಿಸಿದರೆ ಶ್ರುತಿ ಅರ್ಧ ಮನೆ ಏರಿ, ಗಾಯಕಿಗೆ ಇದ್ದಕ್ಕಿದ್ದಂತೆ ಹತ್ತು ವರ್ಷ ಕಡಿಮೆಯಾಗುತ್ತದೆ. ಸಾಫ್ಟ್‌ವೇರಿನಲ್ಲಿ ವೇಗ ಏರಿದರೂ ಶ್ರುತಿ ಇದ್ದಲ್ಲೇ ಇರುತ್ತದೆ. ಹಾಡಿನ ನಡುವೆ ಗುರುತು ಹಾಕಿ ಅಲ್ಲಿಗೇ ಜಿಗಿಯುವ ಕ್ಯೂ ಬಟನ್ನುಗಳೂ ಅಷ್ಟೇ, ಅವನ್ನು ಕಂಡು ಮೂಗು ಮುರಿಯುವವನಲ್ಲ ನಾನು. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅನ್ನುವ ಡಿಜೆ ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೆಕಾರ್ಡಿನ ಮೇಲೇ ಕ್ರೆಯಾನಿನಲ್ಲಿ ಗುರುತು ಮಾಡಿ ಇದೇ ಕೆಲಸ ಮಾಡುತ್ತಿದ್ದರು.

ಟರ್ನ್‌ಟೇಬಲ್ಲೇನು ಸಾಧು ಅಂದುಕೊಳ್ಳಬೇಡಿ. ಒಂದೊಂದೂ ಹತ್ತು ಕಿಲೋಗಿಂತ ಜಾಸ್ತಿ. ಅರ್ಥ್ ತಂತಿ ಸರಿಯಾಗಿ ಕಚ್ಚದಿದ್ದರೆ ಮದುವೆಮನೆ ತುಂಬ ಜೇನುಗೂಡಿನ ಗುಂಯ್. ನಾನು ನೆಚ್ಚಿಕೊಂಡಿದ್ದ ಶೂರ್ ಎಂ44-7 ಮುಳ್ಳು ಈಗ ಹೊಸದು ಬರುವುದಿಲ್ಲ, 2018ರಲ್ಲಿ ಕಂಪನಿ ಆ ವ್ಯವಹಾರವನ್ನೇ ಬಿಟ್ಟಿತು. ಉಳಿದದ್ದನ್ನು ಚಿನ್ನದ ಹಾಗೆ ಹತ್ತಿಯಲ್ಲಿ ಸುತ್ತಿಟ್ಟಿದ್ದೇನೆ. ಎಲ್ಲಕ್ಕಿಂತ ದೊಡ್ಡ ಶತ್ರು ಹಲಗೆ ಸ್ಟೇಜು. ನಾಲ್ಕು ಮಕ್ಕಳು ಹತ್ತಿ ಕುಣಿದರೆ ಮುಳ್ಳೂ ಅವರ ಜೊತೆ ಕುಣಿಯುತ್ತದೆ. ಇದಕ್ಕೆ ನನ್ನ ಮದ್ದು: ಟೇಬಲ್ಲಿನ ಮೇಲೆ ಅರ್ಧಂಬರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬು, ಅದರ ಮೇಲೆ ಒಂದೂವರೆ ಅಡಿಯ ಚಪ್ಪಡಿ ಕಲ್ಲು, ಅದರ ಮೇಲೆ ಟರ್ನ್‌ಟೇಬಲ್. ಎಷ್ಟೇ ನೆಗೆದಾಡಲಿ, ಮುಳ್ಳು ಅಲುಗದು. ಅಲುಗಿದರೂ ಟೈಮ್‌ಕೋಡಿನಲ್ಲಿ ರಿಲೇಟಿವ್ ಮೋಡ್ ಹಾಕಿದ್ದರೆ ಹಾಡು ಜಿಗಿಯುವುದಿಲ್ಲ, ಯಾಕೆಂದರೆ ಅದು ವೇಗ ಮತ್ತು ದಿಕ್ಕನ್ನಷ್ಟೇ ಓದುತ್ತದೆ, ಜಾಗವನ್ನಲ್ಲ. ಇದನ್ನು ಕಂಡುಕೊಳ್ಳಲು ನನಗೆ ಮೂರು ಮದುವೆ ಹಿಡಿಯಿತು. ಯಾರೂ ಹೇಳುವುದಿಲ್ಲ, ನೀವಾದರೂ ಮೊದಲ ದಿನವೇ ಹಾಕಿಕೊಳ್ಳಿ.

ಒಂದು ಮಾತು ಮಧ್ಯೆ. ನಮ್ಮೂರಲ್ಲಿ ಗಣೇಶನ ಹಬ್ಬ ಬಂದರೆ ‘ಡಿಜೆ ನಿಷೇಧ’ ಅಂತ ಬೋರ್ಡು ಬೀಳುತ್ತದೆ. ಅದು ಲಾರಿ ತುಂಬ ಹೇರಿದ ಸ್ಪೀಕರುಗಳಿಗೆ, ನನಗಲ್ಲ. ನೆಂಟರಿಗೆ ಇದನ್ನು ಬಿಡಿಸಿ ಹೇಳಿ ಸಾಕಾಗಿದೆ.

ಹೊಸಬರು ಏನು ಕೊಳ್ಳಬೇಕು ಅಂತ ಕೇಳಿದರೆ, ಕೈಯಲ್ಲಿ ಮೂವತ್ತು ಸಾವಿರ ಇದ್ದರೆ ಕಂಟ್ರೋಲರ್ ತೆಗೆದುಕೊಳ್ಳಿ, ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಆರು ತಿಂಗಳು ಸಿಂಕ್ ಬಟನ್ನಿನ ಮೇಲೆ ಟೇಪು ಅಂಟಿಸಿ, ಪೆಟ್ಟಿನ ಸಂಖ್ಯೆ ತೋರಿಸುವ ಕಾಲಮ್ಮನ್ನೂ ಮುಚ್ಚಿಬಿಡಿ. ಲಕ್ಷ ಮೀರಿದರೆ, ಮನೆಯಲ್ಲಿ ಜಾಗವೂ ಸೊಂಟದಲ್ಲಿ ಶಕ್ತಿಯೂ ಇದ್ದರೆ, ಟರ್ನ್‌ಟೇಬಲ್ ಜೊತೆ ಟೈಮ್‌ಕೋಡ್. ಬರೀ ರೆಕಾರ್ಡಿನಲ್ಲೇ ಮದುವೆ ಮಾಡುತ್ತೇನೆ ಅನ್ನುವವರಿಗೆ ಕೈ ಮುಗಿಯುತ್ತೇನೆ.

ಐವತ್ತು ಕಿಲೋಮೀಟರ್ ಆಚೆಗೆ ಟರ್ನ್‌ಟೇಬಲ್ ಒಯ್ಯುವುದಿಲ್ಲ ಅಂತ ಎರಡು ವರ್ಷದ ಹಿಂದೆ ತೀರ್ಮಾನ ಮಾಡಿದ್ದೆ. ಈ ಭಾನುವಾರ ಹಿರಿಯೂರಿನಲ್ಲಿ ಆರತಕ್ಷತೆ ಇದೆ. ಸ್ಟೇಜು ಹಲಗೆಯದ್ದಂತೆ. ಮೆರವಣಿಗೆಗೆ ಬರುವುದು ಶಿರಾದ ಅದೇ ತಮಟೆ ತಂಡ ಅಂತ ನಿನ್ನೆ ಫೋನಿನಲ್ಲಿ ಗೊತ್ತಾಯಿತು. ಚಪ್ಪಡಿ ಎರಡೂ ಆಗಲೇ ಗಾಡಿ ಹತ್ತಿವೆ.