ಪಕ್ಷೇತರ ಅಭ್ಯರ್ಥಿಗೆ ಪ್ರಚಾರದ ಪ್ಯಾಕೇಜ್: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

2023ರ ವಿಧಾನಸಭಾ ಚುನಾವಣೆಯಲ್ಲಿ ನನ್ನ ಭಾವನವರು ಬೆಂಗಳೂರಿನ ಕ್ಷೇತ್ರವೊಂದರಿಂದ ಪಕ್ಷೇತರರಾಗಿ ನಿಂತು ಸೋತರು. ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಸುಬೇದಾರರಾಗಿ ನಿವೃತ್ತರಾದವರು ಅವರು. ಅವರಿಗೆ ಚುನಾವಣಾ ಏಜೆಂಟನಾಗಿದ್ದವನೂ, ಖರ್ಚಿನ ರಿಜಿಸ್ಟರ್ ಬರೆದವನೂ ನಾನು. ಪ್ರಚಾರದ ಕೆಲಸವನ್ನು ನಗರದ ಒಂದು ಚುನಾವಣಾ ನಿರ್ವಹಣಾ ಸಂಸ್ಥೆಗೆ ಮೂರೂವರೆ ಲಕ್ಷ ರೂಪಾಯಿಗೆ ವಹಿಸಿದ್ದೆವು. ನಾಮಪತ್ರದ ಕಾಗದ ಪತ್ರ, ಕರಪತ್ರ, ಧ್ವನಿ ಕರೆ (ಮೊದಲೇ ಮುದ್ರಿಸಿದ ದನಿಯಲ್ಲಿ ಮತದಾರರಿಗೆ ಹೋಗುವ ಫೋನ್), ಮತಗಟ್ಟೆಗೆ ಏಜೆಂಟರು, ಇವಿಷ್ಟೂ ಸೇರಿ ಒಂದು ಪ್ಯಾಕೇಜ್. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸೋಲಿಗೆ ಅವರು ಕಾರಣರಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪ್ರಶ್ನೆ ಕೊಟ್ಟ ಹಣಕ್ಕೆ ಕೆಲಸ ಆಯಿತೇ ಎಂಬುದಷ್ಟೇ.

ನಾಮಪತ್ರದ ಕೆಲಸವನ್ನು ಅವರು ನಿಜಕ್ಕೂ ಚೆನ್ನಾಗಿ ಮಾಡಿದರು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಎಂದರೆ ಹೆಸರು ಸೂಚಿಸಿ ಸಹಿ ಹಾಕುವವ, ಸಾಕಾದರೆ ಪಕ್ಷೇತರನಿಗೆ ಅದೇ ಕ್ಷೇತ್ರದ ಹತ್ತು ಮಂದಿ ಮತದಾರರು ಬೇಕು, ಹತ್ತೂ ಜನರ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಮತದಾರರ ಪಟ್ಟಿಯೊಂದಿಗೆ ತಾಳೆಯಾಗಬೇಕು. ನಮ್ಮ ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡವರೊಬ್ಬರ ಹೆಸರು ಪರಿಷ್ಕೃತ ಪಟ್ಟಿಯಲ್ಲಿ ಬೇರೆ ಭಾಗಕ್ಕೆ ಹೋಗಿತ್ತು. ಅದನ್ನು ಸಂಸ್ಥೆಯ ವಕೀಲರು ನಾಮಪತ್ರ ಸಲ್ಲಿಸುವ ಹಿಂದಿನ ರಾತ್ರಿಯೇ ಹಿಡಿದು ತಿದ್ದಿಸಿದರು. ಅಭ್ಯರ್ಥಿ ತನ್ನ ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳನ್ನು ಘೋಷಿಸುವ ಫಾರಂ 26ರ ಅಫಿಡವಿಟ್‌ನಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡಬಾರದು, ಹೇಳಲು ಏನೂ ಇಲ್ಲದಿದ್ದರೆ 'ಇಲ್ಲ' ಅಥವಾ 'ಅನ್ವಯಿಸುವುದಿಲ್ಲ' ಎಂದಾದರೂ ಬರೆಯಬೇಕು ಎಂದು ಅವರು ಪುಟಪುಟವನ್ನೂ ಬೆರಳಿಟ್ಟು ನೋಡಿದರು. ಏಪ್ರಿಲ್ 21ರ ಪರಿಶೀಲನೆಯಲ್ಲಿ ನಮ್ಮ ನಾಮಪತ್ರ ಯಾವ ತಕರಾರೂ ಇಲ್ಲದೆ ಅಂಗೀಕಾರವಾಯಿತು. ಪ್ಯಾಕೇಜಿನಲ್ಲಿ ಅತಿ ಕಡಿಮೆ ಬೆಲೆಯ ಬಾಬ್ತು ಇದೇ ಆಗಿತ್ತು ಎಂಬುದು ಬೇರೆ ಮಾತು.

ತೊಂದರೆ ಶುರುವಾದದ್ದು ಕರಪತ್ರದಿಂದ. ಕಂಪ್ಯೂಟರಿನಲ್ಲಿ ತೋರಿಸಿದ ಮೊದಲ ವಿನ್ಯಾಸದಲ್ಲಿ ಭಾವನವರ ಹಿಂದೆ ಒಂದು ಟ್ಯಾಂಕ್, ತಲೆಯ ಮೇಲೆ ಎರಡು ಹೆಲಿಕಾಪ್ಟರ್, ಪಕ್ಕದಲ್ಲಿ ಸೆಲ್ಯೂಟ್ ಹೊಡೆಯುತ್ತಿರುವ ನಾಲ್ವರು ಯೋಧರಿದ್ದರು. ಭಾವನವರ ಹಳೆಯ ಪಾಸ್‌ಪೋರ್ಟ್ ಅಳತೆಯ ಮುಖವನ್ನು ಯಾರದೋ ಸಮವಸ್ತ್ರದ ದೇಹಕ್ಕೆ ಅಂಟಿಸಲಾಗಿತ್ತು. ಸೇನಾ ಸಿಬ್ಬಂದಿಯ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲಿ ಸೂಚಿಸಿ, 2019ರ ಮಾರ್ಚ್‌ನಲ್ಲಿ ಅದನ್ನೇ ಮತ್ತೊಮ್ಮೆ ನೆನಪಿಸಿದೆ. ಚುನಾವಣೆಯನ್ನೇ ಕಸುಬು ಮಾಡಿಕೊಂಡವರಿಗೆ ಇದು ತಿಳಿದಿರಬೇಕಿತ್ತು. ವಿನ್ಯಾಸಕ ಹುಡುಗ "ಮಾಜಿ ಸೈನಿಕರು ಅಂದ್ರೆ ಜನಕ್ಕೆ ಇದೇ ಇಷ್ಟ ಸಾರ್" ಎಂದ. ಭಾವನವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿ, "ಯೂನಿಫಾರ್ಮ್ ಕಳಚಿಟ್ಟು ಹನ್ನೊಂದು ವರ್ಷ ಆಯ್ತಪ್ಪ. ಅದನ್ನ ತೋರಿಸಿ ಓಟು ಕೇಳೋದಾದ್ರೆ ನಾನು ನಿಲ್ಲೋದೇ ಬೇಡ. ನಮ್ಮ ರಾಜಕಾಲುವೆ ಫೋಟೋ ಹಾಕು" ಎಂದರು. ಮಳೆನೀರು ಹರಿಯುವ ಆ ದೊಡ್ಡ ಕಾಲುವೆಯ ಫೋಟೋ ಸಂಸ್ಥೆಯವರ ಬಳಿ ಇರಲಿಲ್ಲ. ನಾನೇ ಮೊಬೈಲಿನಲ್ಲಿ ತೆಗೆದು ಕಳುಹಿಸಿದೆ.

ಪಕ್ಷೇತರನಿಗೆ ಚಿಹ್ನೆ ಸಿಗುವುದು ನಾಮಪತ್ರ ಹಿಂಪಡೆಯುವ ಗಡುವು ಮುಗಿದ ಮೇಲೆ. ಏಪ್ರಿಲ್ 24ರ ಮಧ್ಯಾಹ್ನದ ನಂತರ ನಮಗೆ ಹೊಲಿಗೆ ಯಂತ್ರ ಸಿಕ್ಕಿತು. ಮೇ 10ಕ್ಕೆ ಮತದಾನ, ಮೇ 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಎಂದರೆ ಕೈಯಲ್ಲಿದ್ದದ್ದು ಹದಿನಾಲ್ಕು ದಿನ. ಮತಯಂತ್ರದಲ್ಲಿ ಮಾನ್ಯತೆ ಪಡೆದ ಪಕ್ಷಗಳು ಮೊದಲು, ನೋಂದಾಯಿತ ಪಕ್ಷಗಳು ಆಮೇಲೆ, ಪಕ್ಷೇತರರು ಎಲ್ಲರಿಗಿಂತ ಕೊನೆಗೆ ಬರುವುದರಿಂದ ಮತದಾರ ನಮ್ಮನ್ನು ಹುಡುಕಬೇಕಾದರೆ ಚಿಹ್ನೆ ಅವನ ಕಣ್ಣಲ್ಲಿ ನಿಂತಿರಬೇಕು. ಸಂಸ್ಥೆಯವರು ಈ ಹದಿನಾಲ್ಕರಲ್ಲಿ ಆರು ದಿನ ನುಂಗಿದರು. ದೊಡ್ಡ ಪಕ್ಷದವರ ಕೆಲಸ ಮೊದಲು ಮುಗಿಸಿ, ನಮ್ಮದನ್ನು ಹೊರಗಿನ ಯಾವುದೋ ಪ್ರೆಸ್ಸಿಗೆ ಕೊಟ್ಟಿದ್ದರು. ಏಪ್ರಿಲ್ 30ರಂದು ಬಂದ ಕಟ್ಟು ಬಿಚ್ಚಿ ನೋಡಿದರೆ, ಹತ್ತು ಸಾವಿರ ಕರಪತ್ರಗಳಲ್ಲಿ ಒಂದರ ಮೇಲೂ ಮುದ್ರಕರ ಹೆಸರು ವಿಳಾಸ ಇರಲಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನ ಪ್ರಕಾರ ಇದು ಆರು ತಿಂಗಳವರೆಗೆ ಜೈಲು ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾದ ಅಪರಾಧ. ಫೋನ್ ಮಾಡಿದರೆ "ಯಾರೂ ನೋಡಲ್ಲ, ಹಂಚಿ ಸಾರ್" ಎಂಬ ಉತ್ತರ ಬಂತು.

ಕಟ್ಟನ್ನು ಮತ್ತೆ ಕಟ್ಟಿ ಮೂಲೆಗಿಟ್ಟು ಅಂದು ಸಂಜೆಯೇ ಸುಲ್ತಾನ್‌ಪೇಟೆಗೆ ಹೋದೆ. ಲಗ್ನಪತ್ರಿಕೆಗಳ ನಡುವೆ ಕುಳಿತಿದ್ದ ಸಣ್ಣ ಪ್ರೆಸ್ಸಿನ ಮಾಲೀಕರು ದರ ಹೇಳುವ ಮೊದಲು ಕೇಳಿದ್ದು ಪ್ರಕಾಶಕರ ಘೋಷಣಾ ಪತ್ರವನ್ನು: ಎರಡು ಪ್ರತಿ, ಪ್ರಕಾಶಕರನ್ನು ಬಲ್ಲ ಇಬ್ಬರ ದೃಢೀಕರಣದೊಂದಿಗೆ. ಮೂರೂವರೆ ಲಕ್ಷ ತೆಗೆದುಕೊಂಡವರಿಗೆ ಗೊತ್ತಿಲ್ಲದ ಅಥವಾ ಬೇಡವಾದ ನಿಯಮ ಮದುವೆ ಕಾರ್ಡು ಹಾಕುವವರಿಗೆ ಬಾಯಿಪಾಠವಾಗಿತ್ತು. ಮರುದಿನ ಸಂಜೆಗೆ ಹೊಸ ಕರಪತ್ರ ಕೈಸೇರಿತು, ಬಾಬ್ತುವಾರು ಬಿಲ್ಲಿನ ಸಮೇತ.

ಧ್ವನಿ ಕರೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ತುಮಕೂರಿನಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಎರಡು ಸಲ ಬಂದಿತ್ತು, ಕ್ಷೇತ್ರದಲ್ಲಿ ನನಗೆ ಗೊತ್ತಿರುವ ಯಾರಿಗೂ ಬಂದಿರಲಿಲ್ಲ. ಮತಗಟ್ಟೆ ಏಜೆಂಟರ ಕಥೆ ಇನ್ನೂ ಕೆಟ್ಟದ್ದು. ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುವ ಕ್ಷೇತ್ರಕ್ಕೆ ಇಪ್ಪತ್ತು ಹುಡುಗರನ್ನು ಕಳುಹಿಸಿದರು, ಅವರಲ್ಲಿ ಒಬ್ಬರೂ ನಮ್ಮ ಕ್ಷೇತ್ರದ ಮತದಾರರಲ್ಲ. ಗುರುತಿನ ಚೀಟಿ ನೋಡಿದ ಮತಗಟ್ಟೆ ಅಧಿಕಾರಿಗಳು ನಿಯಮದಂತೆ ಅವರನ್ನು ಹೊರಗೆ ಕಳುಹಿಸಿದರು. ಬೆಳಿಗ್ಗೆ ಏಳಕ್ಕೆ ಮತದಾನ ಶುರುವಾದಾಗ ನಮ್ಮ ಕಡೆಯಿಂದ ಒಳಗೆ ಕುಳಿತಿದ್ದವರು ಭಾವನವರ ಹಳೆಯ ಸಹೋದ್ಯೋಗಿಗಳಾದ ಒಂಬತ್ತು ಮಂದಿ ಮಾಜಿ ಸೈನಿಕರು ಮಾತ್ರ. ಅವರು ಪ್ಯಾಕೇಜಿನವರಲ್ಲ, ಊಟದ ಡಬ್ಬಿಯನ್ನೂ ಮನೆಯಿಂದಲೇ ತಂದಿದ್ದರು.

ಮೇ 13ರ ಎಣಿಕೆಯಲ್ಲಿ ಭಾವನವರಿಗೆ ಬಂದದ್ದು 641 ಮತ. ಸಿಂಧುವಾದ ಮತಗಳ ಆರನೇ ಒಂದು ಭಾಗ ಬಾರದಿದ್ದರೆ ಹತ್ತು ಸಾವಿರದ ಠೇವಣಿ ಹೋಗುತ್ತದೆ, ಹೋಯಿತು. ಸೈನ್ಯದ ಹಿನ್ನೆಲೆ, ಹೆಸರು ಎಲ್ಲವೂ ಇದ್ದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರೇ 2009ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಪಕ್ಷೇತರರಾಗಿ ನಿಂತು ಸೋತ ಊರು ಇದು; ಆದ್ದರಿಂದ ಮನೆಯಲ್ಲಿ ಯಾರಿಗೂ ಅಂಥ ಭ್ರಮೆಯೇನೂ ಇರಲಿಲ್ಲ.

ನನ್ನ ನಿದ್ದೆಗೆಡಿಸಿದ್ದು ಬಿಲ್ಲು. ಫಲಿತಾಂಶ ಬಂದ ಮೂವತ್ತು ದಿನಗಳೊಳಗೆ ಖರ್ಚಿನ ಲೆಕ್ಕವನ್ನು ವೋಚರುಗಳ ಸಮೇತ ಜಿಲ್ಲಾ ಚುನಾವಣಾಧಿಕಾರಿಗೆ ಒಪ್ಪಿಸಬೇಕು. ಸರಿಯಾದ ಕಾರಣವಿಲ್ಲದೆ ಒಪ್ಪಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಸಂಸ್ಥೆ ಕೊಟ್ಟ ಬಿಲ್ಲಿನಲ್ಲಿದ್ದದ್ದು ಒಂದೇ ಸಾಲು: 'ಪ್ರಚಾರ ಸೇವೆ'. ಕರಪತ್ರಕ್ಕೆಷ್ಟು, ಕರೆಗೆಷ್ಟು ಎಂದು ಬಿಡಿಸಿ ಬರೆಸಿಕೊಳ್ಳಲು ನಾನು ಅವರ ಕಚೇರಿಯ ಮೆಟ್ಟಿಲನ್ನು ಐದು ಸಲ ಹತ್ತಿದೆ. ಗಡುವಿಗೆ ಮೂರು ದಿನ ಇರುವಾಗ ಸಿಕ್ಕಿತು. ಆದ್ದರಿಂದ ಈ ಸೇವೆಯನ್ನು ಪಕ್ಷೇತರರಿಗೆ ನಾನು ಶಿಫಾರಸು ಮಾಡಲಾರೆ. ಅವರ ವಕೀಲರ ಕೆಲಸವನ್ನು ಬಿಡಿಯಾಗಿ ಕೊಡುವುದಾದರೆ ಮಾತ್ರ ಕೊಳ್ಳಬಹುದು.

ಮೊನ್ನೆ ಅದೇ ಸಂಸ್ಥೆಯ ಮ್ಯಾನೇಜರ್ ಪಾಲಿಕೆ ಚುನಾವಣೆಗೆ ಹೊಸ ಪ್ಯಾಕೇಜ್ ಇದೆಯೆಂದು ಫೋನ್ ಮಾಡಿ, "ಜಯನಗರದಲ್ಲಿ ಹದಿನಾರೇ ಓಟಲ್ಲಿ ರಿಸಲ್ಟ್ ಬಂತು ನೋಡಿ ಸಾರ್" ಎಂದರು. 2023ರಲ್ಲಿ ಜಯನಗರದ ಗೆಲುವಿನ ಅಂತರ ಹದಿನಾರೇ ಮತವಾಗಿತ್ತು, ನಿಜ; ಆರುನೂರ ನಲವತ್ತೊಂದು ಮತದವರಿಗೆ ಆ ಹದಿನಾರು ಹೇಗೆ ಅನ್ವಯಿಸುತ್ತದೆಂದು ನಾನು ಯೋಚಿಸುತ್ತಿರುವಾಗ ಭಾವನವರು ಪೇಪರಿನಿಂದ ತಲೆ ಎತ್ತದೆ, "ಅಫಿಡವಿಟ್ಟಿಗೆ ಮಾತ್ರ ಎಷ್ಟಾಗುತ್ತಂತೆ ಕೇಳು" ಎಂದರು.