ಸಂಡೂರು ಗುಡ್ಡದ ಹೂ ನಡಿಗೆ: ದುಡ್ಡು ಕಟ್ಟುವ ಮುಂಚೆ ತಿಂಗಳು ನೋಡಿ

ಯುಗಾದಿ ಹತ್ತಿರ ಬಂತೆಂದರೆ ‘ವಸಂತದ ಹೂವಿನ ಚಾರಣ, ಸಂಡೂರು’ ಎಂಬ ಪೋಸ್ಟರ್ ವಾಟ್ಸಾಪಿನಲ್ಲಿ ಓಡಾಡತೊಡಗುತ್ತದೆ. ಬೆಳಿಗ್ಗೆ ಹೊಸಪೇಟೆಯಿಂದ ಜೀಪು, ಕುಮಾರಸ್ವಾಮಿ ಬೆಟ್ಟಸಾಲಿನ ಹುಲ್ಲುಗಾವಲಿನಲ್ಲಿ ಅರ್ಧ ದಿನ ನಡಿಗೆ, ಜತೆಗೊಬ್ಬ ಮಾರ್ಗದರ್ಶಿ, ನಡುವೆ ತಿಂಡಿ. ಇದೇ ತಂಡ ಇದೇ ದಾರಿಯಲ್ಲಿ ಸೆಪ್ಟೆಂಬರಿನಲ್ಲೂ ಕರೆದೊಯ್ಯುತ್ತದೆ, ಶುಲ್ಕವೂ ಅಷ್ಟೇ. ಸೆಪ್ಟೆಂಬರಿನ ನಡಿಗೆಗೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಮಾರ್ಚಿನದಕ್ಕೆ ಎರಡೇ ಹೆಚ್ಚು.

ವ್ಯತ್ಯಾಸ ಇರುವುದು ಮಳೆಯಲ್ಲಿ. ಬಳ್ಳಾರಿ ಸೀಮೆಗೆ ವರ್ಷದಲ್ಲಿ ಹೆಚ್ಚು ಮಳೆ ಸುರಿಯುವ ತಿಂಗಳು ಸೆಪ್ಟೆಂಬರ್. ಗುಡ್ಡದ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಗಟ್ಟಿ ಪದರ, ಅದರ ಮೇಲೆ ತೆಳ್ಳಗೆ ಮಣ್ಣು. ದೊಡ್ಡ ಮರ ಬೇರಿಳಿಸಲಾಗದ ಇಂಥ ಕಡೆಯೇ ಹುಲ್ಲು ಹಬ್ಬಿದೆ. ಮಣ್ಣು ತೆಳುವಾದ್ದರಿಂದ ತೇವವೂ ಬೇಗ ಆರುತ್ತದೆ. ಹುಲ್ಲಿನ ನಡುವಿನ ಸಣ್ಣ ಗಿಡಗಳು ಅಷ್ಟರೊಳಗೆ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮುಗಿಸಬೇಕು. ಮಾರ್ಚಿನಲ್ಲಿ ಅಲ್ಲಿ ಸಿಗುವುದು ಒಣ ಕಡ್ಡಿ, ಅಲ್ಲಲ್ಲಿ ಬೆಂಕಿ ಬಿದ್ದ ಕರಿ ಕಲೆ. ಆ ಕಾಲಕ್ಕೆ ಮುತ್ತುಗ, ಅರಿಶಿನ ಬೂರುಗ ಅರಳುವುದು ನಿಜ, ನೋಡಲು ಚೆಂದವೂ ಹೌದು. ಆದರೆ ಅವು ಇಳಿಜಾರಿನ ಕಾಡಿನ ಮರಗಳು. ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೂ ಕಾಣುತ್ತವೆ. ‘ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ’ ಎಂದು ಗಾಂಧೀಜಿ ಹೇಳಿದ್ದರೆಂಬ ಮಾತು ಆ ಊರಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಪೋಸ್ಟರ್ ಮಾಡಿದವರ ಕಿವಿಗೆ ಮಾತ್ರ ಬಿದ್ದಿಲ್ಲ.

ಸೆಪ್ಟೆಂಬರಿನ ನಡಿಗೆಯಲ್ಲಿ ಮೆಚ್ಚಬೇಕಾದ್ದು ಮಾರ್ಗದರ್ಶಿಯ ಕಣ್ಣು. ಆತ ಸ್ಥಳೀಯ, ಕುರಿ ಮೇಯಿಸಿದ ನೆಲ, ಹಾಗಾಗಿ ಯಾವ ಗಿಡ ಯಾವ ಬದಿಯಲ್ಲಿದೆ ಎಂಬುದು ಗೊತ್ತು. ಪೊದೆಯ ಅಂಚಿನಲ್ಲಿ ಗೌರಿ ಹೂವಿನ ಬಳ್ಳಿ ತೋರಿಸಿ, ಮೊದಲು ಎಲೆ ನೋಡಿ ಎನ್ನುತ್ತಾನೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದಿರುತ್ತದೆ. ಹೂವಿನ ಆರು ದಳ ಹಿಂದಕ್ಕೆ ಬಾಗಿರುತ್ತವೆ, ಅಂಚು ಅಲೆಯಲೆ. ಹೊಸ ಹೂ ಹಳದಿ-ಹಸಿರು, ಹಳೆಯದಾದಂತೆ ಕೆಂಪು. ಒಂದೇ ಬಳ್ಳಿಯಲ್ಲಿ ಎಲ್ಲ ಹಂತವೂ ಸಿಗುತ್ತದೆ. ಗಡ್ಡೆ ವಿಷ, ಅದರಲ್ಲಿ ಕಾಲ್ಚಿಸಿನ್ ಇದೆ. ಮಕ್ಕಳನ್ನು ಕರೆದೊಯ್ದರೆ ಗಿಡ ಕೀಳಲು ಬಿಡಬೇಡಿ.

ವಿಷ್ಣುಕ್ರಾಂತಿಗಾದರೆ ಬಗ್ಗಿ ಕೂರಲೇಬೇಕು. ನೆಲಕ್ಕೆ ಅಂಟಿದ ರೋಮದ ಕಾಂಡ, ಒಂದು ಸೆಂಟಿಮೀಟರಿಗಿಂತ ಚಿಕ್ಕ ನೀಲಿ ಹೂ. ಬೆಳಿಗ್ಗೆ ಅರಳಿ ಬಿಸಿಲೇರಿದ ಮೇಲೆ ಮುದುಡುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಕಿಸೆಯಲ್ಲಿದ್ದರೆ ಕೆಲಸಕ್ಕೆ ಬಂತು. ತುಂಬೆ, ತಂಗಡಿ, ಅಣ್ಣೆ ಹೂವನ್ನು ಹುಡುಕಬೇಕಿಲ್ಲ, ಕಾಲಿಗೇ ಸಿಗುತ್ತವೆ.

ಈಗ ತಕರಾರು. ಆರೂವರೆಗೆ ಹುಲ್ಲಿನಲ್ಲಿರಬೇಕು ಎಂದರೂ ತಂಡ ಅಲ್ಲಿಗೆ ಮುಟ್ಟುವುದು ಎಂಟೂವರೆಗೆ. ಹೊಸಪೇಟೆಯಿಂದ ಸಂಡೂರಿಗೆ ಸುಮಾರು 30 ಕಿ.ಮೀ. ಅಷ್ಟೇ, ಆದರೆ ಅದಿರಿನ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಅದರ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿಗೆಂದು ಮುಕ್ಕಾಲು ತಾಸು. ತಿಂಡಿ ಚೆನ್ನಾಗಿದೆ, ತಪ್ಪೇನಿಲ್ಲ, ಆದರೆ ಅದನ್ನು ನಡಿಗೆ ಮುಗಿದ ಮೇಲೆ ಇಟ್ಟುಕೊಂಡರೆ ಹೂ ತಪ್ಪುವುದಿಲ್ಲ. ಹಾಗೆಂದು ಕತ್ತಲಲ್ಲೇ ಗುಡ್ಡ ಹತ್ತಿಸಿ ಎಂದು ಹಟ ಹಿಡಿಯಬೇಡಿ. ಆ ಗುಡ್ಡದಲ್ಲಿ ಕರಡಿ ಇವೆ. ನಸುಕಿನಲ್ಲಿ ಅವು ಇನ್ನೂ ಹೊರಗಿರುತ್ತವೆ.

ಇನ್ನೊಂದು, ಇಪ್ಪತ್ತು ಜನರ ಗುಂಪು. ಕಾಲುದಾರಿಯಲ್ಲಿ ಸಾಲಾಗಿ ಹೋಗುವಾಗ ಮಾರ್ಗದರ್ಶಿ ಹೇಳಿದ್ದು ಏಳೆಂಟು ಜನರಾಚೆಗೆ ಕೇಳುವುದಿಲ್ಲ. ಹಿಂದಿನವರು ಅಡ್ಡದಾರಿ ಹಿಡಿದು ಸಣ್ಣ ಗಿಡ ತುಳಿಯುತ್ತಾರೆ. ತಂಡದ ಜತೆ ಬರುವ ‘ಸಂಯೋಜಕ’ರಂತೂ ದಾರಿ ಬದಿಯ ಲಂಟಾನವನ್ನೂ ಕಾಡುಹೂ ಎಂದು ಫೋಟೊ ತೆಗೆಸುತ್ತಾರೆ. ಲಂಟಾನ, ಕಾಂಗ್ರೆಸ್ ಹುಲ್ಲು, ಬಳ್ಳಾರಿ ಜಾಲಿ ಮೂರೂ ಹೊರಗಿನಿಂದ ಬಂದು ಹುಲ್ಲುಗಾವಲು ನುಂಗುತ್ತಿರುವ ಗಿಡಗಳು. ಜಾಲಿಗೆ ನಮ್ಮೂರ ಹೆಸರು ಅಂಟಿದ್ದು ನಮ್ಮ ಕರ್ಮ.

ನವೆಂಬರಿನ ಬ್ಯಾಚಿಗೂ ಬುಕಿಂಗ್ ತೆಗೆದುಕೊಳ್ಳುತ್ತಾರೆ. ಬಂಗಾರದ ಬಣ್ಣದ ಹುಲ್ಲು ಫೋಟೊಕ್ಕೆ ಚೆಂದ, ಆದರೆ ಕಾಲಿಗೆ ಶಿಕ್ಷೆ. ಒಣಗಿದ ಹುಲ್ಲಿನ ಬೀಜಕ್ಕೆ ಚೂಪು ಮೂತಿ, ಹಿಂದೆ ತಿರುಚಿದ ಬಾಲ. ಬೆವರಿನ ತೇವ ತಾಕಿದರೆ ಬಾಲ ಬಿಚ್ಚಿಕೊಳ್ಳುತ್ತ ತಿರುಗಿ, ಬೀಜವನ್ನು ಬೈರಿಗೆಯ ಹಾಗೆ ಕಾಲುಚೀಲದೊಳಕ್ಕೆ ಕೊರೆಸುತ್ತದೆ. ಉಣ್ಣೆಯ ಇಲ್ಲವೇ ದಪ್ಪ ಹತ್ತಿಯ ಕಾಲುಚೀಲ ಬೇಡ. ಒತ್ತು ನೇಯ್ಗೆಯ ನುಣುಪು ಪ್ಯಾಂಟಿನ ಅಂಚನ್ನು ಬೂಟಿನ ಮೇಲೆ ಇಳಿಬಿಟ್ಟು, ಅದರ ಮೇಲೆ ಕ್ಯಾನ್ವಾಸ್ ಪಟ್ಟಿ ಕಟ್ಟಿ. ಬೂಟು ಹೇಗೂ ಪಾದದ ಗಂಟಿನ ಮೇಲಿರಬೇಕು. ಕೊಳಕುಮಂಡಲ ಹುಲ್ಲಿನ ಹಾವು, ಕಾಲಿಡುವ ಮುಂಚೆ ಕೋಲಿನಿಂದ ತಟ್ಟಿ ನೋಡಿ. ತಲಾ ಎರಡು ಲೀಟರ್ ನೀರು ಒಯ್ಯಿರಿ, ನೆತ್ತಿಯಲ್ಲಿ ನೆರಳಿಲ್ಲ. ಮಳೆ ಬಿದ್ದ ಕೆಮ್ಮಣ್ಣು ಜಾರುತ್ತದೆ, ಬಟ್ಟೆಗೆ ಹತ್ತಿದರೆ ಬಿಡುವುದೂ ಇಲ್ಲ, ಬಿಳಿ ಬಟ್ಟೆ ಮನೆಯಲ್ಲಿಡಿ.

ಬುಕ್ ಮಾಡುವಾಗ ಮೂರು ಮಾತು ಕೇಳಿ: ಅರಣ್ಯ ಇಲಾಖೆಯ ಅನುಮತಿ ಪತ್ರ ಯಾರ ಹೆಸರಿನಲ್ಲಿದೆ, ಒಬ್ಬ ಮಾರ್ಗದರ್ಶಿಗೆ ಎಷ್ಟು ಜನ, ಜೋರು ಮಳೆ ಬಂದರೆ ದುಡ್ಡು ವಾಪಸ್ಸೋ ಬೇರೆ ದಿನವೋ. ಅನುಮತಿಯ ಮಾತಿಗೆ ‘ಅದೆಲ್ಲ ನೋಡ್ಕೋತೀವಿ ಸರ್’ ಎಂದರೆ ಆ ಬ್ಯಾಚ್ ಬಿಟ್ಟುಬಿಡಿ. ಗೇಟಿನಲ್ಲಿ ವಾಪಸ್ ಕಳಿಸಿದರೆ ಅರ್ಧ ದಿನ ಕುಮಾರಸ್ವಾಮಿ ದೇವಸ್ಥಾನದ ಸುತ್ತಲೇ ಸುತ್ತಿಸಿ ಅದನ್ನೇ ಚಾರಣ ಅನ್ನುತ್ತಾರೆ.